ಕವರಪ್ಪನವರು

ಬೆಂಗಳೂರಿನ ನಮ್ಮ ಬೀದಿಯಲ್ಲಿ ಬೆಳಗಿನ ಐದೂಮುಕ್ಕಾಲಿಗೆ ವಾಕಿಂಗ್ ಹೊರಡುವವರು ಎರಡು ಬಗೆ. ಎರಡೂ ಕೈ ಬೀಸುವವರು, ಒಂದೇ ಕೈ ಬೀಸುವವರು. ಈ ಎರಡನೆಯವರೇ ಕವರಪ್ಪನವರು. ಬೀಸದ ಕೈಯಲ್ಲಿ, ತೊಡೆಗೆ ಒತ್ತಿಕೊಂಡಂತೆ, ಕಿವಿ ಬಿಗಿದು ಗಂಟು ಹಾಕಿದ ಕಪ್ಪು ಕವರು. ಹೋಗುವಾಗ ಇರುತ್ತದೆ, ಬರುವಾಗ ಇರುವುದಿಲ್ಲ. ನಡುವೆ ನಮ್ಮ ಗೇಟು ಇದೆ.

ಹಾಗಂತ ಅವರನ್ನು ಕೊಳಕರೆಂದರೆ ನಾಲಿಗೆ ಬಿದ್ದುಹೋದೀತು. ಅಷ್ಟು ಶುಚಿಯಾದ ಮನುಷ್ಯ ಈ ಬಡಾವಣೆಯಲ್ಲೇ ಇಲ್ಲ. ಅವರ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು. ಹೊಸ್ತಿಲಿಗೆ ದಿನಾ ಅರಿಶಿನ, ಬಾಗಿಲ ಮುಂದೆ ರಂಗೋಲಿ. ಇಂಥ ಮನೆಯಲ್ಲಿ ರಾತ್ರಿಯ ಎಂಜಲು ಬೆಳಗಿನ ದೀಪ ಹಚ್ಚುವ ಹೊತ್ತಿಗೂ ಕೂತಿರುವುದುಂಟೆ? ಕಸದ ಗಾಡಿ ಬರುವುದು ಎಂಟಕ್ಕೋ ಒಂಬತ್ತಕ್ಕೋ. ದೇವರು ಅಲ್ಲಿಯವರೆಗೆ ಕಾಯುವುದಿಲ್ಲ. ಆದ್ದರಿಂದ ಕಸವೇ ಮೊದಲು ಹೊರಡುತ್ತದೆ. ಅದು ಅವರ ಗೇಟು ದಾಟಿದ ಗಳಿಗೆಯಿಂದ ಅವರದಲ್ಲ, ಲೋಕದ್ದು.

ಮೊದಲಾದರೆ ಬೀದಿಗೊಂದು ಸಿಮೆಂಟಿನ ತೊಟ್ಟಿ ಇತ್ತು. ದನ, ನಾಯಿ, ಕವರಪ್ಪನವರ ತೀರ್ಥರೂಪರು ಎಲ್ಲರೂ ಅಲ್ಲಿಗೇ ಹೋಗುತ್ತಿದ್ದರು. ತೊಟ್ಟಿ ಹೋಗಿ ಮನೆ ಬಾಗಿಲಿಗೆ ಗಾಡಿ ಬಂತು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಬೀಗ ಬಿದ್ದು ಊರೆಲ್ಲ ಗಬ್ಬೆದ್ದ ಮೇಲೆ ಕಸ ವಿಂಗಡಣೆ ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟೇ ಲೆಕ್ಕ ಹೇಳಿತು: ಎರಡು ಬುಟ್ಟಿ, ಒಂದು ಚೀಲ. ಹಸಿ ಕಸಕ್ಕೆ ಹಸಿರು, ಡೈಪರು ಪ್ಯಾಡಿನಂಥದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ನಾನು ವಿಧೇಯ ಪ್ರಾಣಿ, ಮೂರನ್ನೂ ತಂದೆ. ಕವರಪ್ಪನವರು ಒಂದನ್ನೂ ತರಲಿಲ್ಲ. ನಾನು ತಂದಿದ್ದೇನಲ್ಲ!

ಶ್ರಾವಣ ಶನಿವಾರ ನಮ್ಮ ಹಸಿರು ಬುಟ್ಟಿಯಿಂದ ಒಂದು ಬಿರಿಯಾನಿ ಡಬ್ಬ ಹೊರಬಂತು, ಚೀಪಿದ ಮೂಳೆಗಳ ಸಮೇತ. ಗಾಡಿಯ ಅಕ್ಕ ಅದನ್ನು ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ, "ಏನ್ ಸಾರ್, ಒಂದ್ ತಿಂಗ್ಳು ತಡ್ಕೊಳಕ್ಕಾಗ್ಲಿಲ್ವಾ?" ಎಂದಳು. ಉಪವಾಸವಿದ್ದ ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಲ್ಲಿದೆ. ಮಾರನೆಯ ವಾರ ಡೈಪರು. "ಮೊಮ್ಮಗು ಬಂತಾ ಸಾರ್? ಸ್ವೀಟೇ ಕೊಡ್ಲಿಲ್ಲ?" ನಮ್ಮ ಮಗನಿಗೆ ಇನ್ನೂ ಹೆಣ್ಣೇ ಗೊತ್ತಾಗಿಲ್ಲ. ಎದುರು ಮನೆಯಾಕೆ ಅಂದಿನಿಂದ ಅವನನ್ನೊಂದು ಥರಾ ನೋಡುತ್ತಾರೆ. ಬೆರಕೆ ಕಸ ಒಯ್ಯುವುದಿಲ್ಲವೆಂದು ಅಕ್ಕ ಇಡೀ ಬುಟ್ಟಿಯನ್ನು ನಮ್ಮ ಮೆಟ್ಟಿಲ ಮೇಲೇ ಬಿಟ್ಟು ಹೋದಳು. ಅವಳದೇನು ತಪ್ಪು? ಕೈ ಹಾಕುವವಳು ಅವಳು.

ಬುಟ್ಟಿಯ ಮುಚ್ಚಳದ ಮೇಲೆ ಕಲ್ಲು ಹೇರಿದೆ. ಕಲ್ಲನ್ನು ಜೋಪಾನವಾಗಿ ಕೆಳಗಿಳಿಸಿ, ಕವರು ಹಾಕಿ, ಮತ್ತೆ ಕಲ್ಲಿಟ್ಟು ಹೋಗಿದ್ದರು. ಶುಚಿಯವರು ಎಂದೆನಲ್ಲ. ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸಿದೆ. ವೆಂಕಟರಮಣ, ಯೇಸು, ಮೆಕ್ಕಾ, ಸಾಲಾಗಿ. ಕವರಪ್ಪನವರು ನಿಂತರು, ಚಪ್ಪಲಿ ಬಿಟ್ಟರು, ಕವರನ್ನು ಕಿರುಬೆರಳಿಗೆ ತೂಗುಹಾಕಿಕೊಂಡು ಮೂವರಿಗೂ ಕೈ ಮುಗಿದರು. ಆಮೇಲೆ ಹಾಕಿದರು. ಈ ಭಕ್ತಿಯನ್ನು ಕಿಟಕಿಯಿಂದ ನಾನೇ ಕಣ್ಣಾರೆ ಕಂಡಿದ್ದೇನೆ.

2025ರ ಅಕ್ಟೋಬರಿನ ಕೊನೆಗೆ 'ಕಸ ಸುರಿಯುವ ಹಬ್ಬ' ಶುರುವಾಯಿತು. ಬೀದಿಗೆ ಕಸ ಎಸೆದವರ ಮನೆ ಮುಂದೆ ಮಾರ್ಷಲ್‌ಗಳು ಕಸ ಸುರಿದು ದಂಡ ಹಾಕುವ ವಿಡಿಯೊ ಬಡಾವಣೆಯ ವಾಟ್ಸಾಪ್ ಗುಂಪಿಗೂ ಬಂತು. ಹಾಕಿದವರು ಕವರಪ್ಪನವರೇ. ಕೆಳಗೆ ಒಂದು ಸಾಲು: 'ಇಂಥವರಿಗೆ ಹೀಗೇ ಆಗಬೇಕು.' ಅವರ ಮಾತಿನಲ್ಲಿ ಕಪಟವಿಲ್ಲ. ಅವರೆಂದೂ ಬೀದಿಗೆ ಎಸೆದವರಲ್ಲ. ಬುಟ್ಟಿಗೇ ಹಾಕುವವರು.

ನನಗೂ ಹುರುಪು ಬಂತು. ಕಾರ್ತಿಕ ಸೋಮವಾರ ಮತ್ತೆ ಬಿರಿಯಾನಿ ಡಬ್ಬ ಸಿಕ್ಕಿತು. ಈ ಸಲ ಅದರ ಮೇಲೆ ಬಿಲ್ಲಿನ ಚೀಟಿ ಅಂಟಿಕೊಂಡಿತ್ತು. ಹೆಸರು, ಮನೆ ನಂಬರು, ಎಕ್ಸ್‌ಟ್ರಾ ಲೆಗ್ ಪೀಸ್ ಸಮೇತ. ಕೈಯಲ್ಲಿ ಹಿಡಿದು ಅವರ ಮನೆ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಅವರ ಮನೆಯವರು, ಮಡಿಯುಟ್ಟು, ಕೈಯಲ್ಲಿ ಆರತಿ ತಟ್ಟೆ. ಹಿಂದೆಯೇ ಕವರಪ್ಪನವರು. ಡಬ್ಬ ಕಂಡದ್ದೇ ಅವರ ಮುಖ ಸುಣ್ಣವಾಯಿತು. ನಾನು ಏನು ಮಾಡಲಿ? ಶ್ರಾವಣದಲ್ಲಿ ಅದೇ ನೋಟ ಉಂಡವನು. "ಏನಿಲ್ಲಮ್ಮ, ಕುಂಕುಮಾರ್ಚನೆಯ ಪ್ರಸಾದ ತರಲು ಖಾಲಿ ಡಬ್ಬ ಕೇಳಿದ್ದರು" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆಕೆ ಒಳಗೆ ಕರೆದು ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಕವರಪ್ಪನವರು ಗೇಟಿನವರೆಗೆ ಬಂದು, ನನ್ನ ಎರಡೂ ಕೈ ಹಿಡಿದು, "ನಿಮ್ಮ ಋಣ ಮರೆಯೋಲ್ಲ ಸಾರ್" ಎಂದರು. ಗಂಟಲು ಕಟ್ಟಿತ್ತು.

ಮರೆತಿಲ್ಲ. ಅಂದಿನಿಂದ ಅವರೂ ವಿಂಗಡಣೆ ಶುರುಮಾಡಿದ್ದಾರೆ. ಈಗ ನಮ್ಮ ಬುಟ್ಟಿಗೆ ಬೀಳುವ ಪ್ರತಿ ಡಬ್ಬದಲ್ಲೂ ಹೆಸರು ವಿಳಾಸ ಇರುವ ಚೌಕವನ್ನು ಮಾತ್ರ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿರುತ್ತಾರೆ.