ರೆಕ್ಕೆಮೂಳೆ ನೋವು: ಬಳಕೆದಾರರ ಕೈಪಿಡಿ (ಹಾಸನ ಜಿಲ್ಲಾ ಆವೃತ್ತಿ)

ನಮ್ಮ ನೋವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ನೀವು ಆರಿಸಿಕೊಳ್ಳಲಿಲ್ಲ, ಅದೇ ಬಂದು ಕೂತಿತು ಅನ್ನುವುದಾದರೆ ಅದಕ್ಕೂ ಧನ್ಯವಾದಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗ್ರಾಹಕರ ಅಭ್ಯಾಸಗಳನ್ನು ನೋಡಿಕೊಂಡೇ ಈ ಕೈಪಿಡಿ ಬರೆದಿದ್ದೇವೆ. ಹೇಳಿದ ಹಾಗೆ ನಡೆದುಕೊಂಡರೆ ನೋವು ವರ್ಷಗಟ್ಟಲೆ ಕೈಕೊಡುವುದಿಲ್ಲ.

ಪೆಟ್ಟಿಗೆಯಲ್ಲಿ ಏನಿದೆ

ಚಪ್ಪಟೆಯಾದ ತ್ರಿಕೋನ ಮೂಳೆ, ಎರಡು. 2ನೇ ಪಕ್ಕೆಲುಬಿನಿಂದ 7ನೆಯದರ ತನಕ ಬೆನ್ನ ಮೇಲೆ ಕೂರುತ್ತವೆ. ಹಾಗಂತ ಪಕ್ಕೆಲುಬಿಗೆ ಅಂಟಿಕೊಂಡಿಲ್ಲ. ಎದೆಗೂಡಿನ ಜೊತೆ ಎಲುಬಿನ ನಂಟು ಕೊರಳೆಲುಬಿನ ಮೂಲಕ ಮಾತ್ರ. ಮಿಕ್ಕದ್ದೆಲ್ಲ ಸ್ನಾಯುಗಳ ಹಿಡಿತ, ಒಂದೊಂದು ಮೂಳೆಗೆ 17. ಕತ್ತಿನ ಮೊದಲ ನಾಲ್ಕು ಮಣಿಗಳಿಂದ ಇಳಿದು ಬಂದ ಲೆವೇಟರ್ ಸ್ಕ್ಯಾಪುಲೆ ಮೂಳೆಯ ಮೇಲಿನ ಮೂಲೆಯನ್ನು ಎತ್ತಿ ಹಿಡಿದಿರುತ್ತದೆ. ರಾಂಬಾಯ್ಡ್ ಬೆನ್ನುಮೂಳೆಯ ಕಡೆಗೆ ಜಗ್ಗುತ್ತದೆ, ಸೆರೇಟಸ್ ಪಕ್ಕೆಯ ಕಡೆಗೆ. ಎಲ್ಲದರ ಮೇಲೆ ಟ್ರೆಪೀಜಿಯಸ್, ಬುರುಡೆಯ ಹಿಂಭಾಗದಿಂದ ಬೆನ್ನಿನ ಮಧ್ಯದವರೆಗೆ ಹರಡಿಕೊಂಡಿದೆ. ಇಷ್ಟು ಜನ ಹಕ್ಕುದಾರರಿರುವ ಜಮೀನಿನಲ್ಲಿ ತಕರಾರು ಏಳದಿದ್ದರೇ ಆಶ್ಚರ್ಯ.

ಅಳವಡಿಸುವ ವಿಧಾನ

ಭಾರ ಎತ್ತಿದರೆ ಸಾಕು, ನೋವು ತಾನಾಗಿ ಬರುತ್ತದೆ ಎಂದು ಹೊಸ ಗ್ರಾಹಕರು ತಿಳಿದುಕೊಂಡಿದ್ದಾರೆ. ಹಾಸನದ ಮಾರುಕಟ್ಟೆಯಲ್ಲಿ 50 ಕೆಜಿ ಆಲೂಗಡ್ಡೆ ಚೀಲ ಹೊರುವ ಹಮಾಲಿ ಲಾರಿಯ ಹತ್ತಿರ ಚೀಲ ಇಳಿಸಿ ಬರಿಗೈಯಲ್ಲಿ ವಾಪಸು ಬರುತ್ತಾನೆ. ಆ ಬರಿಗೈಯ ಹಾದಿಯೇ ನಮ್ಮ ಶತ್ರು. ಅವನಿಗೂ ನೋವುಗಳಿವೆ, ಅವುಗಳ ಕೈಪಿಡಿ ಬೇರೆ.

ನಮಗೆ ಬೇಕಾದದ್ದು ಬಿಡುವಿಲ್ಲದ ಸಣ್ಣ ಕೆಲಸ. ಅದನ್ನು ಕಲಿಯಲು ಅರಕಲಗೂಡು ತಾಲ್ಲೂಕಿಗೆ, ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಹೋಗಿ. ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಮೂಟೆಯಲ್ಲಿ ಎಲೆ ಕಾಣುತ್ತದೆ, ಅದನ್ನು ಕಟ್ಟಿದ ಹೆಂಗಸರ ಕತ್ತು ಕಾಣುವುದಿಲ್ಲ. ಎಲೆ ಹದಗೊಳಿಸುವ ಬ್ಯಾರನ್ ಪಕ್ಕದ ನೆರಳಿನಲ್ಲಿ ನೆಲಕ್ಕೆ ಕೂತು ಮುಂದೆ ಕಡ್ಡಿ ಅಡ್ಡ ಇಟ್ಟುಕೊಳ್ಳಬೇಕು. ಎಡಗೈಗೆ ಎಲೆ ಬರುತ್ತದೆ, ಬಲಗೈ ದಾರ ಸುತ್ತಿ ಬಿಗಿಯುತ್ತದೆ, ಈ ಬದಿಗೊಂದು ಹಿಡಿ, ಆ ಬದಿಗೊಂದು ಹಿಡಿ. ಬೆರಳಿಗೆ ಅಂಟು ಮೆತ್ತಿ ಕಪ್ಪಾಗುತ್ತದೆ. ಎಲೆಗೆ ತೂಕವೇ ಇಲ್ಲ. ಆದರೆ ಎರಡೂ ಮೊಣಕೈ ಮೈಯಿಂದ ದೂರ, ಗಾಳಿಯಲ್ಲಿ, ಕತ್ತು ಕೆಳಗೆ, ಹೆಗಲು ಕಿವಿಯ ಹತ್ತಿರ. ಊಟದ ಹೊತ್ತಿನ ತನಕ ಹೀಗೆಯೇ ಇರಿ.

ಇದರ ಒಳಗುಟ್ಟನ್ನು ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಒಂದು ಊಹೆಯಾಗಿ ಮುಂದಿಟ್ಟ. ಸ್ನಾಯು ಎಷ್ಟೇ ಮೆಲ್ಲಗೆ ಬಿಗಿಯಲಿ, ಮೊದಲು ಕೆಲಸಕ್ಕೆ ಏಳುವವು ಕೆಲವು ಸಣ್ಣ ಎಳೆಗಳು. ಪೂರ್ತಿ ಸಡಿಲಾಗುವವರೆಗೆ ಅವುಗಳಿಗೆ ರಜೆ ಇಲ್ಲ. ದೊಡ್ಡ ಎಳೆಗಳು ಭಾರ ಬಂದಾಗ ಎದ್ದು, ಮುಗಿದ ಮೇಲೆ ಮಲಗುತ್ತವೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ರಾತ್ರಿ ಎಲ್ಲರಾದ ಮೇಲೆ ಮಲಗುವ ಈ ಸಣ್ಣವಕ್ಕೆ ಅವನು ಸಿಂಡ್ರೆಲಾ ಎಂದು ಹೆಸರಿಟ್ಟ. ಸಿಂಡ್ರೆಲಾ ಯಾರೆಂದು ಅರಕಲಗೂಡಿನ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಳೆನರಸೀಪುರದ ಗ್ರಾಹಕರು ಮೈಸೂರು ರೈಲಿನಲ್ಲಿ ಸೀಟು ಸಿಕ್ಕ ಕೂಡಲೇ ಮೊಬೈಲ್ ತೊಡೆಯ ಮೇಲಿಟ್ಟು ಇಳಿಯುವ ತನಕ ಬಗ್ಗಿದರೆ ಸಾಕು. ನೆಟ್ಟಗಿದ್ದಾಗ ತಲೆಯ ತೂಕ ಸುಮಾರು 5 ಕೆಜಿ. 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕೆಜಿಯಷ್ಟು ಒತ್ತಡ ಎಂದು ನ್ಯೂಯಾರ್ಕಿನ ಸರ್ಜನ್ ಕೆನೆತ್ ಹಂಸ್‌ರಾಜ್ 2014ರಲ್ಲಿ ಲೆಕ್ಕ ಕಟ್ಟಿದ. ಅದು ಕಂಪ್ಯೂಟರಿನ ಲೆಕ್ಕ, ಯಾರ ಕತ್ತನ್ನೂ ತೂಗಿದ್ದಲ್ಲ. ಆದರೂ ಅರ್ಧ ಚೀಲ ಆಲೂಗಡ್ಡೆಗಿಂತ ಹೆಚ್ಚಾಯಿತು. ಚನ್ನರಾಯಪಟ್ಟಣದವರಿಗೆ ತೆಂಗು ಇದೆ: ದೋಟಿ ಹಿಡಿದು ಕತ್ತೆತ್ತಿ ನಿಲ್ಲಿ. ಆ ತಾಲ್ಲೂಕಿನಲ್ಲಿ ನಮ್ಮ ನೋವು ಹಿಡಿಯದ ಹೆಗಲು ಒಂದೇ, ಶ್ರವಣಬೆಳಗೊಳದಲ್ಲಿ. 58 ಅಡಿ ಎತ್ತರದ ಮನುಷ್ಯ ಕಾಯೋತ್ಸರ್ಗದಲ್ಲಿ ತೋಳು ಇಳಿಬಿಟ್ಟು ಸಾವಿರ ವರ್ಷದಿಂದ ನಿಂತಿದ್ದಾನೆ. ಎದೆ ಸೆಟೆಸಿಲ್ಲ, ಹೆಗಲು ಏರಿಸಿಲ್ಲ. ಅವನನ್ನು ನೋಡಲು ಹೋಗುವವರನ್ನು ಡೋಲಿಯಲ್ಲಿ ಹೊರುವವರು ಮಾತ್ರ ನಮ್ಮ ಹಳೇ ಗಿರಾಕಿಗಳು.

ನಿರ್ವಹಣೆ

ನೋವು ಎಲ್ಲಿದೆಯೋ ಅಲ್ಲೇ ತಿಕ್ಕಿ. ಇದು ಬಹಳ ಮುಖ್ಯ. ರೆಕ್ಕೆಮೂಳೆಯ ಒಳಅಂಚಿನಲ್ಲಿ, ಕೈಗೆ ಎಟುಕದ ಆ ಒಂದು ಜಾಗದಲ್ಲಿ ಬಾಮ್ ಹಚ್ಚಿಸಿಕೊಂಡು, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿ. ಅಲ್ಲಿ ಕೂಗುತ್ತಿರುವುದು ರಾಂಬಾಯ್ಡ್. ಎಷ್ಟೋ ಸಲ ಅದು ಎಳೆಸಿಕೊಂಡು ಸೋತಿರುತ್ತದೆ. ಎಳೆಯುತ್ತಿರುವವನು ಎದೆಯ ಮುಂದೆ, ಪೆಕ್ಟೊರಾಲಿಸ್ ಮೈನರ್ ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಕೂತಿರುತ್ತಾನೆ. ಇನ್ನು ಕೆಲವು ಸಲ ಕಾಟದ ಮೂಲ ಕತ್ತಿನ ಪಕ್ಕದ ಸ್ಕೇಲೀನ್ ಸ್ನಾಯುಗಳ ಗಂಟಿನಲ್ಲಿ. ನೋವು ಒಂದು ಕಡೆ, ಗಂಟು ಇನ್ನೊಂದು ಕಡೆ ಎಂಬುದನ್ನು ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರಲ್ಲಿ ದಪ್ಪ ಪುಸ್ತಕವನ್ನೇ ಮಾಡಿ ತೋರಿಸಿದರು. ಟ್ರಾವೆಲ್ ಅಮೆರಿಕದ ಅಧ್ಯಕ್ಷ ಕೆನಡಿಯ ಬೆನ್ನು ನೋಡಿಕೊಂಡಿದ್ದ ಡಾಕ್ಟರು. ಆ ಗಂಟುಗಳು ನಿಜಕ್ಕೂ ಏನು ಎಂಬುದರ ಬಗ್ಗೆ ತಜ್ಞರ ಜಗಳ ಇನ್ನೂ ನಡೆದಿದೆ. ನೀವು ತಿಕ್ಕುತ್ತಾ ಇರಿ.

ಜೊತೆಗೆ ‘ವಾಯು’ ಎನ್ನಿ, ಸೋಡಾ ಕುಡಿಯಿರಿ. ಉಳುಕು ತೆಗೆಯುವವರಿದ್ದರೆ ಕರೆಸಿ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವುದೂ ಹಳೆಯ ಪದ್ಧತಿ, ಖರ್ಚು ಒಂದು ಎಲೆಅಡಿಕೆ. ಮಾತ್ರೆ ನುಂಗಿ ಮತ್ತೆ ಅದೇ ಜಾಗದಲ್ಲಿ ಕೂರಿ.

ಎಚ್ಚರಿಕೆ

ಈ ಭಾಗದಲ್ಲಿ ತಮಾಷೆ ಇಲ್ಲ. 2025ರ ಮೇ ಕೊನೆಯಿಂದ ಜೂನ್ ಮುಗಿಯುವುದರೊಳಗೆ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಸುದ್ದಿಯಾದವು. ಬೆನ್ನಲ್ಲಿ ಚಳುಕು ಎದ್ದವರೂ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಇಂಥ ಸಾವು ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಆ ಸುದ್ದಿಗಳಿಗೆ ಮುಂಚೆ ಎಲ್ಲ ನೋವೂ ಗ್ಯಾಸ್, ಆಮೇಲೆ ಎಲ್ಲ ನೋವೂ ಹಾರ್ಟು. ನಡುವೆ ಸ್ನಾಯು ಎಂಬುದೊಂದು ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸ್ನಾಯುವಿನ ನೋವು ಸಾಮಾನ್ಯವಾಗಿ ಕೈ-ಕತ್ತು ಆಡಿಸಿದಂತೆ ಬದಲಾಗುತ್ತದೆ, ಒತ್ತಿದರೆ ‘ಅಲ್ಲೇ, ಅಲ್ಲೇ’ ಅನ್ನಿಸುತ್ತದೆ. ಎದೆ ಬಿಗಿತ, ಬೆವರು, ಏದುಸಿರು, ಎಡಗೈಗೋ ದವಡೆಗೋ ಹರಿಯುವ ನೋವು, ಮೆಟ್ಟಿಲು ಹತ್ತಿದರೆ ಬಂದು ನಿಂತರೆ ಹೋಗುವ ನೋವು ಇದ್ದರೆ ಒತ್ತಿ ನೋಡುತ್ತ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಜಿಡ್ಡಿನ ಊಟವಾದ ಮೇಲೆ ಬಲ ರೆಕ್ಕೆಯ ಕೆಳಗೆ ಬರುವುದು ಪಿತ್ತಕೋಶದ್ದಿರಬಹುದು. ಕೈ ಜೋಮು ಹಿಡಿದರೆ ಕತ್ತಿನ ನರದ್ದಿರಬಹುದು. ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ನೋಡಿಸಬೇಕು.

ಕಳಚುವ ವಿಧಾನ (ಕಂಪನಿ ಶಿಫಾರಸು ಮಾಡುವುದಿಲ್ಲ)

ಅರ್ಧ ಗಂಟೆಗೊಮ್ಮೆ ಕೈ ಇಳಿಬಿಡುವುದು. ಸಿಂಡ್ರೆಲಾಗೆ ಅದೇ ರಜೆ. ಗೋಡೆಗೆ ಅಂಗೈ ಊರಿ, ಮೊಣಕೈ ಮಡಿಸದೆ, ರೆಕ್ಕೆಗಳನ್ನು ಮಾತ್ರ ಮುಂದಕ್ಕೆ ತಳ್ಳಿ ಹಿಂದಕ್ಕೆ ಬಿಡುವುದು. ಇದು ಮಲಗಿರುವ ಸೆರೇಟಸ್ಸನ್ನು ಎಬ್ಬಿಸುತ್ತದೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುವ ಬದಲು ಎರಡೂ ಮುಂಗೈ ಆನಿಸಿ ಎದೆಯನ್ನು ಮುಂದೆ ಬಿಡುವುದು. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತುವುದು. ವಾರಗಟ್ಟಲೆ ಮಾಡಬೇಕು, ಹೆಚ್ಚಿನವರು ಮಾಡುವುದಿಲ್ಲ, ಅದರಿಂದಲೇ ನಮ್ಮ ವ್ಯಾಪಾರ ನಡೆದಿದೆ.

ಹೊಗೆಸೊಪ್ಪು ಕಟ್ಟುವಲ್ಲಿ ಕಡ್ಡಿಯನ್ನು ಸೊಂಟದ ಎತ್ತರದ ಅಡ್ಡಪಟ್ಟಿಯ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತರೆ ಕತ್ತು ಅರ್ಧ ಎದ್ದೇಳುತ್ತದೆ. ನಾಲ್ಕು ಗೂಟ, ಒಂದು ಬಿದಿರು. ಆದರೆ ಕೂಲಿ ಕಡ್ಡಿ ಲೆಕ್ಕದಲ್ಲಿದ್ದರೆ ಅರ್ಧ ಗಂಟೆಗೊಮ್ಮೆ ಕೈ ಇಳಿಬಿಟ್ಟವಳ ಕಡ್ಡಿ ಸಂಜೆಗೆ ಕಮ್ಮಿ ಬರುತ್ತವೆ. ಆ ಕಡ್ಡಿಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದನ್ನು ಬ್ಯಾರನ್ ಮಾಲೀಕರನ್ನು ಕೇಳಿ. ಈ ಕೈಪಿಡಿಯಲ್ಲಿ ಇಲ್ಲ.