ವಿಲೀನ

(ಪಾಳ್ಯದ ಟೀ ಅಂಗಡಿ. ಆಷಾಢದ ಮಳೆ, ಅಂದರೆ ಮಾತಿಗೆ ಬೇಕಾದಷ್ಟು ಹೊತ್ತು.)

ರೈತ: ಸಕಲೇಶಪುರದ ಚರಂಡಿ ಹೇಮಾವತಿಗೆ ಬೀಳ್ತದಲ್ಲ ಸ್ವಾಮಿ?

ಮಾಜಿ ಮೆಂಬರು: ಬೀಳಲ್ಲ ಕಣಯ್ಯ, ವಿಲೀನ ಆಗ್ತದೆ.

ರೈತ: 1974ರಲ್ಲೇ ಜಲಮಾಲಿನ್ಯ ಕಾಯ್ದೆ ಬಂತಲ್ಲ?

ಮೆಂಬರು: ಕಾಯ್ದೆ ದೆಹಲಿಯಿಂದ ಬಂತು, ಮೋರಿ ಗೊರೂರ ಕಡೆ ಹೋಯ್ತು. ಎದುರು ಸಿಕ್ಕಿಲ್ಲ.

ರೈತ: ಮಳೆನೀರಿಗೊಂದು, ಕಕ್ಕಸಿನ ನೀರಿಗೊಂದು ಬೇರೆ ಪೈಪು ಹಾಕಿದ್ರೆ? ಜೋರು ಮಳೇಲಿ ಎರಡೂ ಒಟ್ಟಿಗೆ ಉಕ್ಕೋದು ತಪ್ತದೆ.

ಮೆಂಬರು: ಭೇದಭಾವ! ನಮ್ಮ ಪಕ್ಷ ಒಪ್ಪಲ್ಲ.

ರೈತ: ಶುದ್ಧೀಕರಣ ಘಟಕ?

ಮೆಂಬರು: ಗೊರೂರಲ್ಲಿ ಅಷ್ಟು ದೊಡ್ಡ ಡ್ಯಾಮಿಲ್ವಾ? ತಳಕ್ಕೆ ಕೂತ್ಕೋತದೆ ಬಿಡು.

ರೈತ: ಆ ನೀರು ತುಮಕೂರಿನವರು ಕುಡೀತಾರೆ!

ಮೆಂಬರು: ಅವರಿಗೆ ನೀರು ಕೊಡಬೇಡಿ ಅಂತ ಧರಣಿ ಕೂತೋನೇ ನಾನು. ಯಾರು ಕೇಳಿದ್ರು?