ಅಳಿಸಿಯೂ ಅಳಿಯದಂತೆ ಅಳಿಸುವ ಕ್ರಮ

ಹಳೆಯ ಕಂಪ್ಯೂಟರ್ ಮಾರುವಾಗ ಅದರೊಳಗಿನ ಫೈಲುಗಳೆಲ್ಲ ಕೊಂಡವರ ಕೈಗೆ ಭದ್ರವಾಗಿ ಸೇರುವಂತೆ ನೋಡಿಕೊಳ್ಳುವುದು ಮಾರುವವರ ಧರ್ಮ. ಕಷ್ಟವೇನಿಲ್ಲ. ಹೇಳಿದಷ್ಟು ಮಾಡಿ.

ಮೊದಲು ಎಲ್ಲವನ್ನೂ ಡಿಲೀಟ್ ಮಾಡಿ. ಪಾನ್ ಕಾರ್ಡಿನ ಸ್ಕ್ಯಾನ್, ಸೈಟಿನ ಕ್ರಯಪತ್ರ, ಮಗಳ ಮದುವೆ ಖರ್ಚಿನ ಲೆಕ್ಕ, ‘ಪಾಸ್‌ವರ್ಡ್’ ಎಂದೇ ಹೆಸರಿಟ್ಟ ಎಕ್ಸೆಲ್ ಹಾಳೆ, ಯಾವುದನ್ನೂ ಬಿಡಬೇಡಿ. ರೀಸೈಕಲ್ ಬಿನ್ ಖಾಲಿ ಮಾಡಿ. ಬುಟ್ಟಿಯ ಚಿತ್ರ ಬರಿದಾಗಿದ್ದನ್ನು ಕಣ್ತುಂಬ ನೋಡಿ, ಅಲ್ಲಿಗೆ ನಿಲ್ಲಿಸಿ. ಕಂಪ್ಯೂಟರ್ ಈಗ ಮಾಡಿರುವುದು ಇಷ್ಟೆ: ಬಾಗಿಲ ನಾಮಫಲಕ ಕಿತ್ತು ‘ಮನೆ ಬಾಡಿಗೆಗಿದೆ’ ಎಂದು ಬರೆದಿದೆ, ಒಳಗೆ ಸಂಸಾರ ಹಾಗೇ ಇದೆ. ಹಾರ್ಡ್ ಡಿಸ್ಕಿನಲ್ಲಿ ಆ ಜಾಗಕ್ಕೆ ಹೊಸ ಫೈಲು ಬಂದು ಕೂರುವ ತನಕ ಹಳೆಯದು ಅಲ್ಲಾಡದು. ಫೋಟೋರೆಕ್‌ನಂಥ ಪುಕ್ಕಟೆ ತಂತ್ರಾಂಶ ಅದನ್ನು ಎತ್ತಿ ಕೊಡುತ್ತದೆ. ಆದ್ದರಿಂದ ಅಳಿಸಿದ ಮೇಲೆ ಡಿಸ್ಕಿಗೆ ಏನನ್ನೂ ಬರೆಯಬೇಡಿ.

ಸಮಾಧಾನವಾಗಲಿಲ್ಲವೇ? ಫಾರ್ಮ್ಯಾಟ್ ಮಾಡಿ. ‘ಕ್ವಿಕ್’ ಎಂಬುದರ ಮುಂದಿನ ಟಿಕ್ ಮಾತ್ರ ತೆಗೆಯಬೇಡಿ. ತೆಗೆದರೆ, ವಿಸ್ಟಾದಿಂದ ಈಚಿನ ವಿಂಡೋಸ್ ಡಿಸ್ಕಿನುದ್ದಕ್ಕೂ ಸೊನ್ನೆ ಬರೆದುಬಿಡುತ್ತದೆ. ಖಾಲಿ ಜಾಗವನ್ನಷ್ಟೇ ಮೂರು ಸಲ ತಿದ್ದಿ ಬರೆಯುವ ‘ಸೈಫರ್’ ಎಂಬ ಆಜ್ಞೆಯೂ ವಿಂಡೋಸಿನಲ್ಲೇ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಹಾಗಾಗಿ ನಂಬಬೇಡಿ.

ನಿಮ್ಮಲ್ಲಿ ಶ್ರದ್ಧಾವಂತರಿದ್ದರೆ 35 ಸುತ್ತು ಅಳಿಸಿ. ಈ ಸಂಖ್ಯೆ 1996ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ ಬರೆದ ಪ್ರಬಂಧದ್ದು. ಆ ಕಾಲದ ಬಗೆಬಗೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಹಾಕಿದ ಪಟ್ಟಿಯದು, ಒಂದೇ ಡಿಸ್ಕಿಗೆ ಅಷ್ಟೂ ಬೇಕಿಲ್ಲ ಎಂದು ಮುಂದೆ ಅವರೇ ಬರೆದರು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಸಾಕೆನ್ನುವುದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ. ಕಿವಿಗೊಡಬೇಡಿ. ಒಂದು ಟೆರಾಬೈಟ್ ಡಿಸ್ಕಿಗೆ 35 ಸುತ್ತೆಂದರೆ ಮೂರ್ನಾಲ್ಕು ದಿನ, ಮನೆಯವರಿಗೆಲ್ಲ ನಿಮ್ಮ ಮೇಲೆ ಗೌರವ ಹುಟ್ಟಲು ಬೇಕಾದಷ್ಟು ಹೊತ್ತು. ಎಲ್ಲವನ್ನೂ ಸಿ ಡ್ರೈವಿನ ಮೇಲೆ ಓಡಿಸಿ. ಫೈಲುಗಳಿರುವುದು ಡಿ ಡ್ರೈವಿನಲ್ಲಿ, ಆ ಕಡೆ ಸುಳಿಯಬೇಡಿ.

ಎಸ್‌ಎಸ್‌ಡಿ ಇದ್ದವರು ಇನ್ನೂ ಅದೃಷ್ಟವಂತರು. ಅಲ್ಲಿ ನೀವು ಹಳೆಯದರ ಮೇಲೆ ಬರೆದೆ ಅಂದುಕೊಂಡದ್ದನ್ನು, ಒಂದೇ ಕಡೆ ಸವೆಯದಿರಲೆಂದು, ಡ್ರೈವು ಬೇರೆಲ್ಲೋ ಬರೆಯುತ್ತದೆ. ನಿಮಗೆ ಕಾಣದ ಮೀಸಲು ಜಾಗವೂ ಅದರಲ್ಲಿದೆ. ಹತ್ತಾರು ಸುತ್ತು ಬರೆದು ಅದರ ಆಯಸ್ಸು ಕಡಿಮೆ ಮಾಡಿ. ತಯಾರಕರೇ ಕೊಟ್ಟಿರುವ ‘ಸೆಕ್ಯೂರ್ ಇರೇಸ್’ ಒತ್ತಬೇಡಿ, ನಿಮಿಷಗಳಲ್ಲಿ ಕೆಲಸ ಮುಗಿದರೆ ಉಳಿದ ಭಾನುವಾರವನ್ನು ಏನು ಮಾಡುವುದು?

ಹಾರ್ಡ್ ಡಿಸ್ಕಿಗೆ ಸುತ್ತಿಗೆ ಹಿಡಿಯುವವರು ಅದರ ಹಸಿರು ಸರ್ಕ್ಯೂಟ್ ಬೋರ್ಡಿಗೆ ಎರಡೇಟು ಹಾಕಿ ಬೆವರು ಒರೆಸಿಕೊಳ್ಳಿ. ಮಾಹಿತಿ ಕೂತಿರುವ ತಟ್ಟೆಗಳು ಒಳಗೆ ಸುಖವಾಗಿರುತ್ತವೆ. ಫ್ರಿಜ್ಜಿನ ಮ್ಯಾಗ್ನೆಟ್ ಉಜ್ಜುವುದೂ ಒಳ್ಳೆಯದು, ಕೈಗೆ ವ್ಯಾಯಾಮ.

ಕಚೇರಿಯ ಯಂತ್ರಗಳಾದರೆ ನೀವೇ ಉಸಾಬರಿ ಹೊರಬೇಡಿ, ಸಾಮಾನು ಸಾಗಿಸುವವರಿಗೆ ವಹಿಸಿ. ಅಮೆರಿಕದ ದೊಡ್ಡ ಬ್ಯಾಂಕು ಮಾರ್ಗನ್ ಸ್ಟ್ಯಾನ್ಲಿಯೇ ಹೀಗೆ ಮಾಡಿದೆ. ಅನುಭವವಿಲ್ಲದ ಸಾಗಣೆ ಕಂಪನಿಗೆ ಒಪ್ಪಿಸಿದ ಯಂತ್ರಗಳಲ್ಲಿ ಕೆಲವು ಗ್ರಾಹಕರ ಮಾಹಿತಿ ಸಮೇತ ಆನ್‌ಲೈನ್ ಹರಾಜಿಗೆ ಬಂದವು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿ ಕಾಪಾಡದ್ದಕ್ಕೆ 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು 3.5 ಕೋಟಿ ಡಾಲರ್ ದಂಡ ಹಾಕಿದರು. ನಿಮಗೆ ಅಷ್ಟು ಯೋಗವಿರಲಾರದು, ಆದರೂ ಪ್ರಯತ್ನ ಬಿಡಬೇಡಿ.

ಯಂತ್ರ ತಂದ ದಿನವೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟು, ಮಾರುವಾಗ ಕೀಲಿ ನಾಶಮಾಡಿದರೆ ಸಾಕು, ಈ ಕಸರತ್ತೇ ಬೇಡ ಎನ್ನುವವರು ಸಿಗುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ದೂರವಿರಿ.

ಇನ್ನು ಕಂಪ್ಯೂಟರ್ ಮಾರಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೊರಡಿ. ಅಂಗಡಿಯವರಿಗೆ ನಿಮ್ಮ ಕ್ರಯಪತ್ರದಲ್ಲಿ ಆಸಕ್ತಿಯಿಲ್ಲ, ಕೈ ಬದಲಾಗುತ್ತಾ ಹೋದ ಮೇಲೆ ನಾಲ್ಕನೆಯವರಿಗೆ ಇದ್ದೀತು. ಚಾರ್ಜರ್ ಮರೆಯದೆ ಕೊಡಿ. ಪಾಪ, ಓದುವವರಿಗೆ ನಡುವೆ ಬ್ಯಾಟರಿ ಮುಗಿಯಬಾರದು.